ಶಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯಿಯವರು

ದಾನಗಳು ಹಲವು ಬಗೆಯಾಗಿರುವವು. ಹಸಿದವನಿಗೆ ಅನ್ನವನ್ನಿಕ್ಕುವದು, ದಾರಿಗನಿಗೆ ನೆರಳನ್ನೂ ನೀರನ್ನೂ ಒದಗಿಸುವದು, ಗುಡಿಗೆ ಗೋಪುರವನ್ನೆತ್ತಿಸುವದು ಇವೆಲ್ಲ ಪುಣ್ಯಕಾರ್ಯಗಳೇ ಸರಿ. ಆದರೆ ತನ್ನ ಮನೆತನದ ಸಮಸ್ತ ಭೂಮಿಯನ್ನು ಕಣ್ಣಿಂದ ಕಾಣದ ಬಡಮಕ್ಕಳ ವಿದ್ಯೆಗಾಗಿ ಬಿಟ್ಟು ಹೋದವರು ಯಾವ ನಾಡಿನಲ್ಲಿಯೂ ವಿರಳ. ಅಂಥ ವಿರಳರಲ್ಲಿ ಅಗ್ರಗಣ್ಯರು ಶಿರಸಂಗಿ-ನವಲಗುಂದ ದೇಶಗತಿಯ ಶ್ರೀಮಂತ ಲಿಂಗರಾಜ ದೇಸಾಯಿಯವರು. ಕನ್ನಡಿಗರು ಅವರನ್ನು ತ್ಯಾಗವೀರರೆಂದು ಕರೆಯುತ್ತ ಬಂದಿರುವರು. ಸಾಲಗುಂದ, ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಸದ್ಭಕ್ತರು ಸುಗ್ಗಿಯ ಕಾಲಕ್ಕೆ ರಾಶಿಯ ಮೊದಲ ಪಾಲನ್ನು ಶ್ರೀಮಠದ ದಾಸೋಹಕ್ಕೆ ತಂದೊಪ್ಪಿಸುವವರು. ಕಾಳು ಅಕ್ಷರವಾಗುವ ಬಗೆ ಹೇಗೆಂಬುದನ್ನು ತಿಳಿಯಬೇಕಾದರೆ ಈ ಮಹನೀಯರ ಚರಿತ್ರೆಯನ್ನು ಓದುವದು ಅವಶ್ಯ. ಆದಕಾರಣ ಈ ಉತ್ಸವದ ಸಂಚಿಕೆಯಲ್ಲಿ ಅದನ್ನು ಸಂಕ್ಷೇಪವಾಗಿ ನಿವೇದಿಸಲಾಗಿದೆ.

ಶಿರಸಂಗಿಯು ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಗ್ರಾಮ. ಕಾಳಿಕಾದೇವಿಯ ಪುರಾತನ ದೇವಾಲಯದಿಂದ ಅದು ಪ್ರಸಿದ್ಧವಾಗಿರುವದು. ನವಲಗುಂದವು ಧಾರವಾಡ ಜಿಲ್ಲೆಯ ಎರೆಭೂಮಿಯ ನಡುವಿನ ಊರು. ಮಲಪ್ರಭೆಯೂ ಬೆಣ್ಣೆಹಳ್ಳವೂ ಹರಿಯುವ ಈ ಪ್ರಾಂತವು ಮಳೆ ಹದವಾಗಿ ಬಂದ ವರ್ಷ ಜೋಳ, ಗೋದಿ, ಕಡಲೆ, ಹತ್ತಿಗಳಿಂದ ತುಂಬಿ ತುಳುಕುವದು. ಮಳೆ ತಪ್ಪಿದ ವರ್ಷ ನೆಲವು ಬಾಯ್ದೆರೆದು ಕೂಡ್ರುವದು. ಈ ಎರಡು ಸ್ಥಳಗಳಲ್ಲಿ ಬೇರೂರಿದ ದೇಸಾಯಿ ಮನೆತನವು ದೊಡ್ಡ ಇನಾಮಿನ ಮನೆತನವಾಗಿದ್ದಿತು. ವಾಡೆಯ ಸಿರಿಯೆಲ್ಲವೂ ಒಕ್ಕಲಿಗನ ಕೂರಿಗೆಯಿಂದಲೂ ಕುಂಟೆಯಿಂದಲೂ ಹುಟ್ಟಿದ್ದೇ ಆಗಿದ್ದಿತು. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಯಾಕಂದರೆ ಮುಂದಿನ ಚರಿತ್ರೆಗೆಲ್ಲ ಇದೇ ತಳಹದಿ.

ಲಿಂಗರಾಜರು ಹುಟ್ಟಿದ್ದು ಈ ವಾಡೆಯಲ್ಲಲ್ಲ. 1861ನೆಯ ಇಸವಿ ಜನೇವರಿ 10ನೆಯ ದಿವಸ ಶಿಗ್ಗಾವಿಯ ಮಡ್ಲಿ ಮನೆತನದಲ್ಲಿ ಅವರ ಜನನವಾಯಿತು. ತಾಯಿತಂದೆಗಳಿಟ್ಟ ಹೆಸರು ರಾಮಪ್ಪ. ಅದೇ ವರ್ಷ ಅಮೇರಿಕೆಯಲ್ಲಿ ಒಳಯುದ್ಧವು ಮೊದಲಾಗಿ, ಅಲ್ಲಿಯ ಹತ್ತಿಯು ವಿಲಾಯತಿಗೆ ಹೋಗುವದು ನಿಂತುಹೋಯಿತು. ಆ ಕಾರಣದಿಂದ ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಯುದ್ಧವು 1865ರಲ್ಲಿ ಮುಗಿಯುತ್ತಲೇ ಆ ಬೆಲೆಯು ಇಳಿದುಬಿದ್ದಿತು. ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದ ಒಕ್ಕಲಿಗರು ಇಳಿದ ಬೆಲೆಯಲ್ಲಿ ಸಿಕ್ಕಿಬಿದ್ದರು. ಸಮುದ್ರದಾಚೆಯ ಯಾವದೋ ನಾಡಿನ ಯುದ್ಧವು ತನ್ನ ಹೊಲದ ಬೆಲೆಯನ್ನು ಏಕೆ ಏರಿಸಿತು, ಏಕೆ ಇಳಿಸಿತು ಎಂಬುದು ಅಕ್ಷರವರಿಯದ ರೈತನಿಗೆ ತಿಳಿಯುವ ಬಗೆಯೇ ಇದ್ದಿಲ್ಲ. ಲಿಂಗರಾಜರು ಕಣ್ದೆರೆದದ್ದು ಇಂಥ ಕಾಲದಲ್ಲಿ.

ಶಿರಸಂಗಿಯ ಜಾಯಪ್ಪ ದೇಸಾಯಿಯವರು ಬಾಲಕ ರಾಮಪ್ಪನನ್ನು ದತ್ತಕ ತೆಗೆದುಕೊಂಡರು. ಅಂದಿನಿಂದ ಆತನು ಲಿಂಗರಾಜನೆಂದು ನಾಮಾಂಕಿತನಾಗಿ ದೊಡ್ಡ ದೇಶಗತಿಯ ಉತ್ತರಾಧಿಕಾರಿಯಾದನು. ಇಂದಿನವರಿಗೆ ದತ್ತಕವೆಂಬುದು ಮನೆಯೊಳಗಿನ ಸಣ್ಣ ಸಂಗತಿಯಾಗಿ ತೋರಬಹುದು. ಆದರೆ ಆ ಸೀಮೆಯಲ್ಲಿ ಆ ಶಬ್ದಕ್ಕೆ ರಕ್ತದ ವಾಸನೆಯಿದ್ದಿತು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜನು ಮಾಡಿಕೊಂಡ ದತ್ತಕವನ್ನು ಕುಂಪಣಿ ಸರಕಾರವು ಒಪ್ಪದೆ ಹೋದದ್ದರಿಂದಲೇ ರಾಣಿ ಚೆನ್ನಮ್ಮನವರು ಕತ್ತಿ ಹಿಡಿಯಬೇಕಾಯಿತು. ಲಿಂಗರಾಜರು ಹುಟ್ಟುವದಕ್ಕೆ ಮೂರು ವರ್ಷ ಮೊದಲು, 1858ರಲ್ಲಿ, ನವಲಗುಂದದ ನೆರೆಯ ನರಗುಂದದ ಬಾಬಾಸಾಹೇಬರಿಗೆ ದತ್ತಕದ ಅನುಮತಿಯು ದೊರೆಯದೆ ಅವರು ಬಂಡೆದ್ದು, ಬೆಳಗಾವಿಯಲ್ಲಿ ಗಲ್ಲಿಗೇರಿದರು. ಹೀಗೆ ಉತ್ತರಾಧಿಕಾರಿಯಿಲ್ಲದ ಮನೆತನಗಳು ಅಳಿಯುತ್ತಿರುವದನ್ನು ಆ ಸೀಮೆಯ ಮುದುಕರು ಕಣ್ಣಾರೆ ಕಂಡಿದ್ದರು. ವಾಡೆಯ ದೀಪವು ಆರದಂತೆ ನೋಡಿಕೊಳ್ಳಬೇಕೆಂಬ ಹೊರೆಯು ಬಾಲಕನ ಹೆಗಲ ಮೇಲೆ ಬಂದಿತು. ತಾನು ಹುಟ್ಟಿದ್ದು ಒಂದು ಮನೆ, ತನಗೆ ದೊರೆತದ್ದು ಇನ್ನೊಂದು ಮನೆ. ಈ ಸಿರಿಯು ತನ್ನ ಕೈಗೆ ಕೊಡಲ್ಪಟ್ಟದ್ದೇ ಹೊರತು ತಾನು ಗಳಿಸಿದ್ದಲ್ಲ ಎಂಬ ತಿಳುವಳಿಕೆಯು ದತ್ತಕ ಬಂದವನಿಗೆ ಸಹಜವಾಗಿಯೇ ಇರುವದು. ಲಿಂಗರಾಜರ ಮುಂದಿನ ನಡೆಯನ್ನು ನೋಡಿದರೆ ಆ ತಿಳುವಳಿಕೆಯನ್ನು ಅವರು ಕಡೆಯವರೆಗೂ ಬಿಟ್ಟಿರಲಿಲ್ಲವೆಂದೇ ಹೇಳಬೇಕಾಗುವದು.

ಅವರಿಗೆ ಹದಿನೈದು ವರ್ಷ ತುಂಬಿದ ಕಾಲಕ್ಕೆ ಧಾತು ಸಂವತ್ಸರದ ಘೋರ ಬರಗಾಲವು ಬಂದಿತು. 1876ರಿಂದ 1878ರ ವರೆಗೆ ಬೆಳಗಾವಿ, ಧಾರವಾಡ, ಕಲಾದಗಿ, ಬಳ್ಳಾರಿ, ರಾಯಚೂರು ಸೀಮೆಗಳೂ ಮೈಸೂರು ಸಂಸ್ಥಾನವೂ ಆ ಬರಗಾಲದಲ್ಲಿ ಬೆಂದುಹೋದವು. ಹಗೇವುಗಳಲ್ಲಿಯ ಜೋಳ ತೀರಿತು, ದನಗಳು ಸತ್ತವು, ಊರುಗಳು ಬರಿದಾದವು. ಉಳಿದ ರೈತರು ಎತ್ತು ಬೀಜಗಳಿಗಾಗಿ ಸಾವಕಾರನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಆ ಕಾಗದದಲ್ಲಿ ಏನು ಬರೆದಿದೆಯೆಂಬುದು ಒತ್ತಿದವನಿಗೆ ತಿಳಿದಿರಲಿಲ್ಲ. ಇದಕ್ಕೆ ಮೊದಲೇ 1875ರಲ್ಲಿ ಪುಣೆ ಅಹಮದನಗರಗಳ ಕಡೆಯ ರೈತರು ಸಾಲಪತ್ರಗಳನ್ನು ಕಿತ್ತುಕೊಂಡು ಸುಟ್ಟಿದ್ದರು. ಪತ್ರವನ್ನು ಸುಡುವದರಿಂದ ಒಂದು ದಿನದ ಸಿಟ್ಟು ತಣಿಯಬಹುದು. ಪತ್ರವನ್ನು ಓದಬಲ್ಲ ಮಗನು ಮನೆಯಲ್ಲಿದ್ದರೆ ಮೂರು ತಲೆಮಾರಿನ ಹೊಲವು ಉಳಿಯುವದು. ಒಕ್ಕಲುತನದ ವಿದ್ಯೆಗೆ ಮೊದಲ ಪಾಠವು ಗೊಬ್ಬರದ್ದಲ್ಲ, ಬೀಜದ್ದಲ್ಲ. ಅಕ್ಷರದ್ದು ಎಂಬುದನ್ನು ಆ ಕಾಲವು ಕಲಿಸಿತು.

ರೈತನಿಗೆ ಒಕ್ಕಲುತನವೇ ಗೊತ್ತಿರಲಿಲ್ಲವೆಂದು ಮಾತ್ರ ಯಾರೂ ತಿಳಿಯಬಾರದು. ಯಾವ ಮಳೆಗೆ ಹಿಂಗಾರಿ ಜೋಳವನ್ನು ಬಿತ್ತಬೇಕು, ಯಾವ ನೆಲಕ್ಕೆ ಎಷ್ಟು ಸಲ ಕುಂಟೆ ಹೊಡೆಯಬೇಕು ಎಂಬುದನ್ನು ಅವನು ತಂದೆಯಿಂದ ಕಲಿತಿದ್ದನು. ಮುಂದಿನ ವರ್ಷದ ಬೀಜವನ್ನು ಬೂದಿಯಲ್ಲಿ ಬೆರೆಸಿ, ಬೇವಿನ ಸೊಪ್ಪಿಟ್ಟು, ಹುಳು ಹತ್ತದಂತೆ ಕಾಯುವ ವಿದ್ಯೆಯು ಮನೆಯ ಹೆಣ್ಣುಮಕ್ಕಳ ಕೈಯಲ್ಲಿದ್ದಿತು. ಕಳೆ ಕೀಳುವವರೂ ಹತ್ತಿ ಬಿಡಿಸುವವರೂ ಅವರೇ ಆಗಿದ್ದರು. ಆದರೆ ಈ ವಿದ್ಯೆಯು ಬಾಯಿಂದ ಬಾಯಿಗೆ ನಡೆದು ಬಂದದ್ದು; ಹೊಸ ರೋಗ, ಹೊಸ ಪೇಟೆ, ಹೊಸ ಕಾಯಿದೆ ಬಂದಾಗ ಅದೊಂದೇ ಸಾಲದೆ ಹೋಗುತ್ತಿದ್ದಿತು. ಹೊಸದನ್ನು ಕಲಿಯಬೇಕೆಂದರೆ ಶಾಲೆಯು ದೂರ. ಮುಂಬಯಿ ಇಲಾಖೆಯಲ್ಲಿ ಕೃಷಿಶಾಸ್ತ್ರದ ಉಚ್ಚ ಶಿಕ್ಷಣವು ದೊರೆಯುತ್ತಿದ್ದುದು ಪುಣೆಯಲ್ಲಿ. ನವಲಗುಂದದ ಒಕ್ಕಲಿಗನ ಮಗನು ಅಲ್ಲಿಗೆ ಹೋಗಿ, ಪರಭಾಷೆಯಲ್ಲಿ ಕಲಿತು, ವರ್ಷಗಟ್ಟಲೆ ಊಟ ವಸತಿಗಳಿಗೆ ಹಣ ಹೊಂದಿಸುವದು ಕನಸಿನ ಮಾತಾಗಿದ್ದಿತು. ಆದ್ದರಿಂದ ಬಡವರ ಪಾಲಿಗೆ ವಿದ್ಯೆಯ ಪ್ರಶ್ನೆಯು ಕಡೆಗೆ ಹಣದ ಪ್ರಶ್ನೆಯೇ ಆಗಿ ನಿಲ್ಲುತ್ತಿದ್ದಿತು.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದ ಮಹನೀಯರು ಧಾರವಾಡದಲ್ಲಿದ್ದರು. ಗಿಲಗಂಚಿ ಗುರುಸಿದ್ದಪ್ಪನವರೂ ಅರಟಾಳ ರುದ್ರಗೌಡರೂ 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿ, ಬಡ ವಿದ್ಯಾರ್ಥಿಗಳ ಸಹಾಯಕ್ಕಾಗಿ ನಿಧಿಯನ್ನು ಕೂಡಿಸತೊಡಗಿದರು. ಇತ್ತ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು ಊರೂರು ಸಂಚರಿಸಿ ಸಮಾಜವನ್ನು ಎಚ್ಚರಿಸುವ ಕಾರ್ಯವನ್ನು ಕೈಕೊಂಡಿದ್ದರು. ಅವರ ಪ್ರಯತ್ನದ ಫಲವಾಗಿ 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನವು ಕೂಡಿತು. ಆ ಮೊದಲ ಅಧಿವೇಶನದ ಅಧ್ಯಕ್ಷ ಪೀಠವನ್ನು ಅಲಂಕರಿಸಿದವರು ಲಿಂಗರಾಜ ದೇಸಾಯಿಯವರು. ಮಠಾಧಿಪತಿಗಳ ವಿರಕ್ತಿಯೂ ಸಂಸಾರಿಗಳ ಸಂಪತ್ತೂ ಒಂದೇ ಉದ್ದೇಶಕ್ಕಾಗಿ ಒಂದೇ ಮಂಟಪದಲ್ಲಿ ಕೂಡಿದ ಆ ಸಂದರ್ಭವು ನಮ್ಮ ಸಮಾಜದ ಇತಿಹಾಸದಲ್ಲಿ ಸ್ಮರಣೀಯವಾದುದು. ಅದರ ಮರುವರ್ಷವೇ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಸಾವಕಾರನ ಹೆಬ್ಬೆಟ್ಟಿನ ಕಾಗದಕ್ಕೆ ಅದೊಂದು ಉತ್ತರ. ಇನ್ನೊಂದು ಉತ್ತರವು ಶಿರಸಂಗಿಯ ವಾಡೆಯಿಂದ ಬರಬೇಕಾಗಿದ್ದಿತು.

ದೇಶಗತಿಯನ್ನು ಮುಂದೆ ನಡೆಸುವ ಪುತ್ರಸಂತಾನವು ಲಿಂಗರಾಜರಿಗೆ ಉಳಿಯಲಿಲ್ಲ. ಆ ಕಾಲದ ರೂಢಿಯಂತೆ ನೋಡಿದರೆ ಮಾಡತಕ್ಕ ಕಾರ್ಯವು ಸ್ಪಷ್ಟವೇ ಇದ್ದಿತು. ತಾವು ಬಂದಂತೆಯೇ ಇನ್ನೊಬ್ಬ ಬಾಲಕನನ್ನು ದತ್ತಕ ತಂದು, ಅವನ ಹಣೆಗೆ ವಿಭೂತಿಯಿಟ್ಟು, ಗಾದಿಯ ಮೇಲೆ ಕೂಡ್ರಿಸಬಹುದಾಗಿದ್ದಿತು. ಹಾಗೆ ಮಾಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಮನೆತನದ ಹೆಸರು ಉಳಿಯಿತೆಂದು ಎಲ್ಲರೂ ಸಂತೋಷಪಡುತ್ತಿದ್ದರು. ಇಂಥ ಹೊತ್ತಿನಲ್ಲಿ ಧನಿಕನ ಸುತ್ತಲೂ ಬಂಧುಗಳ ಆಸೆಯು ಹೇಗೆ ಹೆಣೆದುಕೊಳ್ಳುವದೆಂಬುದನ್ನು ಲೋಕವು ಬಲ್ಲದು. ದತ್ತಕದಿಂದಲೇ ಸಿರಿಯನ್ನು ಪಡೆದ ಪುರುಷನು ದತ್ತಕವನ್ನು ಬಿಟ್ಟುಕೊಡುವದೆಂದರೆ ತಾನು ಏರಿ ಬಂದ ನಿಚ್ಚಣಿಕೆಯನ್ನು ತಾನೇ ತೆಗೆದಂತೆ.

ಲಿಂಗರಾಜರು ಆ ಕಠಿಣ ನಿರ್ಧಾರವನ್ನೇ ಮಾಡಿದರು. ತಮ್ಮ ಆಸ್ತಿಯು ಸಮಾಜದ ಬಡಮಕ್ಕಳ ವಿದ್ಯಾಭ್ಯಾಸಕ್ಕೆ ವಿನಿಯೋಗವಾಗಬೇಕೆಂದು ಮೃತ್ಯುಪತ್ರವನ್ನು ಬರೆಯಿಸಿದರು. 1906ರಲ್ಲಿ, ತಮ್ಮ ನಾಲ್ವತ್ತೈದನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಆ ಮೃತ್ಯುಪತ್ರದಿಂದ ಹುಟ್ಟಿದ ಸಂಸ್ಥೆಯೇ ನವಲಗುಂದ-ಶಿರಸಂಗಿ ಟ್ರಸ್ಟ್. ಒಬ್ಬ ದತ್ತಕಪುತ್ರನು ಕೂಡ್ರಬೇಕಾಗಿದ್ದ ಸ್ಥಾನದಲ್ಲಿ ಅವರು ಹೆಸರು ಗೊತ್ತಿಲ್ಲದ ಸಹಸ್ರಾರು ಮಕ್ಕಳನ್ನು ಕೂಡ್ರಿಸಿದರು. ಕಿತ್ತೂರು ನರಗುಂದಗಳು ಉತ್ತರಾಧಿಕಾರಿಯಿಲ್ಲದೆ ಅಳಿದವು. ಶಿರಸಂಗಿಯ ಹೆಸರು ವಾಡೆಗೆ ಉತ್ತರಾಧಿಕಾರಿಯನ್ನು ತರದೆ ಇದ್ದುದರಿಂದಲೇ ಉಳಿಯಿತು.

ಈ ದಾನದ ಹಿರಿಮೆಯು ಬರಿಯ ಮೊತ್ತದಲ್ಲಿಲ್ಲ, ಅದರ ದಾರಿಯಲ್ಲಿರುವದು. ಒಕ್ಕಲಿಗನ ಹೊಲದಿಂದ ವಾಡೆಗೆ ತಲೆತಲಾಂತರದಿಂದ ಉತ್ಪನ್ನವು ಹರಿದುಬರುತ್ತಿದ್ದಿತು. ವಾಡೆಯಿಂದ ಹೊಲಕ್ಕೆ ತಿರುಗಿ ಹೋಗುತ್ತಿದ್ದುದು ಅತ್ಯಲ್ಪ. ಲಿಂಗರಾಜರು ಆ ಪ್ರವಾಹವನ್ನು ತಿರುಗಿಸಿದರು. ರೈತನು ಕೊಟ್ಟ ಪಾಲು ರೈತನ ಮಗನ ಪುಸ್ತಕವಾಗಿ, ಊಟವಾಗಿ, ವಿದ್ಯಾರ್ಥಿವೇತನವಾಗಿ ತಿರುಗಿ ಬರುವಂತಾಯಿತು. ಕೊಟ್ಟವನ ಮನೆಗೇ ಕೊಟ್ಟದ್ದು ಮರಳಿತು. ಇದನ್ನು ದಾನವೆನ್ನುವದಕ್ಕಿಂತ ಋಣಪರಿಹಾರವೆನ್ನುವದು ಹೆಚ್ಚು ಒಪ್ಪುವದು. ದಾನಿಯು ತನ್ನ ದಾನವನ್ನು ಋಣವೆಂದು ತಿಳಿದಾಗಲೇ ಪಡೆದವನು ತಲೆಯೆತ್ತಿ ನಡೆಯಬಲ್ಲನು. ಶರಣರು ದಾನವೆಂಬ ಶಬ್ದಕ್ಕಿಂತ ದಾಸೋಹವೆಂಬ ಶಬ್ದವನ್ನು ಏಕೆ ಮೆಚ್ಚಿದರೆಂಬುದು ಇದರಿಂದ ವಿಶದವಾಗುವದು.

ಲಿಂಗರಾಜರ ತ್ಯಾಗದ ಫಲವನ್ನು ಅವರು ಕಾಣಲಿಲ್ಲ, ನಾಡು ಕಂಡಿತು. ಹಳ್ಳಿಗಾಡಿನ ಬಡ ಮನೆತನಗಳಿಂದ ಬಂದ ತರುಣರು ಆ ನಿಧಿಯ ನೆರವಿನಿಂದ ಕಲಿತು ಪದವೀಧರರಾದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತ್ಯಾಗಿಗಳು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಆ ಸಂಸ್ಥೆಯು 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಮಹಾವಿದ್ಯಾಲಯಕ್ಕೆ ಲಿಂಗರಾಜರ ಹೆಸರು ಬಂದಿತು. ಅದಕ್ಕೂ ಮೊದಲು ಗಿಲಗಂಚಿ ಅರಟಾಳರ ಹೆಸರಿನ ಶಾಲೆಯು ಅಲ್ಲಿಯೇ ನಡೆದಿದ್ದಿತು. ಒಬ್ಬನು ತನ್ನ ಹೊಲವನ್ನು ಕೊಟ್ಟನು, ಇನ್ನೊಬ್ಬನು ತನ್ನ ಆಯುಷ್ಯವನ್ನು ಕೊಟ್ಟನು. ಎರಡೂ ಕೂಡಿದಲ್ಲಿ ವಿದ್ಯೆಯು ಬೇರೂರಿತು.

ಒಕ್ಕಲುತನದ ವಿದ್ಯೆಯೂ ಕ್ರಮೇಣ ನಮ್ಮ ನಾಡಿಗೆ ಸಮೀಪಿಸಿತು. ಹಾವೇರಿಯ ಹತ್ತಿರದ ದೇವಿಹೊಸೂರಿನಲ್ಲಿ ರೈತರ ಮಕ್ಕಳಿಗಾಗಿ ಕೃಷಿಶಾಲೆಯು ನಡೆಯಿತು. ಧಾರವಾಡದಲ್ಲಿ ಕೃಷಿ ಮಹಾವಿದ್ಯಾಲಯವು 1947ರಲ್ಲಿ ತೆರೆಯಿತು. ಅಲ್ಲಿಯ ವರೆಗೆ ಪುಣೆಗೆ ಹೋಗಬೇಕಾಗಿದ್ದ ತರುಣನು ಇನ್ನು ಬುತ್ತಿ ಕಟ್ಟಿಕೊಂಡು ಧಾರವಾಡಕ್ಕೆ ಹೋಗಬಲ್ಲವನಾದನು. 1986ರಲ್ಲಿ ಅದು ಕೃಷಿ ವಿಶ್ವವಿದ್ಯಾಲಯದ ಪದವಿಗೇರಿತು. ಹಳ್ಳಿಯ ಹೆಣ್ಣುಮಕ್ಕಳಿಗಾಗಿ ಗ್ರಾಮೀಣ ಗೃಹವಿಜ್ಞಾನದ ಮಹಾವಿದ್ಯಾಲಯವೂ ಅಲ್ಲಿ ಹುಟ್ಟಿತು. ಬೀಜವನ್ನು ಬೂದಿಯಲ್ಲಿ ಕಾಯುತ್ತಿದ್ದ ಅಜ್ಜಿಯ ಮೊಮ್ಮಗಳು ಅದೇ ಬೀಜದ ಶಾಸ್ತ್ರವನ್ನು ಓದುವ ಕಾಲವು ಹೀಗೆ ಬಂದಿತು.

ಸತ್ಯವನ್ನು ಮರೆಮಾಡುವದು ಚರಿತ್ರಕಾರನಿಗೆ ಸಲ್ಲದು. ಲಿಂಗರಾಜರ ನಿಧಿಯು ಒಂದು ಸಮಾಜದ ಮಕ್ಕಳನ್ನು ಉದ್ದೇಶಿಸಿದ್ದಾಗಿತ್ತು. ಹೊಲದಲ್ಲಿ ಅವರ ಜೊತೆಗೇ ದುಡಿದ ಇತರ ಬಡಜನರ ಮಕ್ಕಳು ಅದರ ಹೊರಗುಳಿದರು. ಹೆಣ್ಣುಮಕ್ಕಳು ಶಾಲೆಗೆ ಹೋಗುವದೇ ಅಪೂರ್ವವಾಗಿದ್ದ ಆ ಕಾಲದಲ್ಲಿ ಅಂಥ ನಿಧಿಗಳ ಫಲವು ಅವರಿಗೆ ಮುಟ್ಟಿದ್ದು ತಡವಾಗಿ. ಈ ಮಾತುಗಳಿಂದ ಆ ಪುಣ್ಯಪುರುಷರ ಹಿರಿಮೆಯು ಕುಂದುವದಿಲ್ಲ. ಹಿರಿಯರು ತಮ್ಮ ಕಾಲದಲ್ಲಿ ಕಾಣುವಷ್ಟು ದೂರ ಕಾಲುದಾರಿಯನ್ನು ಕಡಿದರು. ಅದನ್ನು ಎಲ್ಲರೂ ನಡೆಯುವ ಹೆದ್ದಾರಿಯನ್ನಾಗಿ ಮಾಡುವದು ಕಿರಿಯರಾದ ನಮ್ಮ ಪಾಲಿಗೆ ಉಳಿದ ಕೆಲಸ. ಬಸವಾದಿ ಪ್ರಮಥರ ಅನುಭವಮಂಟಪದಲ್ಲಿ ಕುಲವನ್ನು ಕೇಳಿ ಯಾರನ್ನೂ ಹೊರಗೆ ನಿಲ್ಲಿಸಲಿಲ್ಲವೆಂಬುದನ್ನು ನೆನೆಯುವವರಿಗೆ ಈ ಕೆಲಸವು ಹೊಸದೆನಿಸದು.

ಈಗ ನಮ್ಮ ಸೀಮೆಯ ಕಡೆಗೆ ದೃಷ್ಟಿಯನ್ನು ತಿರುಗಿಸೋಣ. 1948ರ ವರೆಗೆ ಸಾಲಗುಂದವೂ ಸಿಂಧನೂರೂ ನಿಜಾಮ ಸಂಸ್ಥಾನದಲ್ಲಿದ್ದವು. ಕನ್ನಡದಲ್ಲಿ ಕಲಿಯುವ ಅನುಕೂಲವು ಅಲ್ಲಿ ಸ್ವಲ್ಪವೇ ಇದ್ದಿತು. ಶಿರಸಂಗಿಯಂಥ ವಾಡೆಯೂ ಮೃತ್ಯುಪತ್ರವೂ ನಮ್ಮ ಕಡೆಯ ಬಡಮಕ್ಕಳಿಗೆ ದೊರೆಯಲಿಲ್ಲ. ಆ ಕೊರತೆಯ ಒಂದಿಷ್ಟನ್ನಾದರೂ ತುಂಬಿದವು ಮಠಗಳ ಪ್ರಸಾದ ನಿಲಯಗಳು. ಅವುಗಳನ್ನು ನಡೆಸಿದ್ದು ಭಕ್ತರು ಹೊತ್ತುತಂದ ಜೋಳದ ಚೀಲಗಳು. 1953ರಿಂದ ತುಂಗಭದ್ರೆಯ ಕಾಲುವೆಯ ನೀರು ಹರಿಯತೊಡಗಿ, ಜೋಳದ ಎರೆಭೂಮಿಯಲ್ಲಿ ಭತ್ತದ ಗದ್ದೆಗಳು ಎದ್ದವು. ನೀರು ಬಂದಿತು, ಸಿರಿ ಬಂದಿತು. ಜೊತೆಯಲ್ಲಿ ಸವಳು ಜವುಳುಗಳೂ ಬಂದವು. ನೀರನ್ನು ಅಳೆದು ಹಾಯಿಸುವದೂ ಕೆಟ್ಟ ನೆಲವನ್ನು ತಿರುಗಿ ಹದಕ್ಕೆ ತರುವದೂ ಬರಿಯ ರೂಢಿಯಿಂದ ಆಗತಕ್ಕ ಕೆಲಸಗಳಲ್ಲ. ಅವಕ್ಕೆ ಕಲಿತ ಕೈಗಳು ಬೇಕು. ರಾಯಚೂರಿನಲ್ಲಿಯೇ ಈಗ ಕೃಷಿ ವಿಶ್ವವಿದ್ಯಾಲಯವು ಇರುವದು. ಬಾಗಿಲು ಸಮೀಪಕ್ಕೆ ಬಂದಿದೆ. ಆದರೆ ಕೂಲಿಯವನ ಮಗನಿಗೂ ಭತ್ತ ನಾಟಿ ಮಾಡುವ ತಾಯಿಯ ಮಗಳಿಗೂ ಆ ಬಾಗಿಲ ವರೆಗೆ ನಡೆದು ಹೋಗುವ ಬುತ್ತಿಯನ್ನು ಕಟ್ಟಿಕೊಡುವವರು ಬೇಕಾಗಿರುವರು.

ಬುತ್ತಿ ಕಟ್ಟುವದಕ್ಕೆ ದೇಶಗತಿಯೇ ಬೇಕೆಂಬ ನಿಯಮವಿಲ್ಲ. ಇದಕ್ಕೆ ದೃಷ್ಟಾಂತವು ನಮ್ಮ ಲಿಂಗಸುಗೂರು ಸೀಮೆಯ ಅಮರೇಶ್ವರದಲ್ಲಿಯೇ ಇರುವದು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಅಲ್ಲಿಂದ ಕಲ್ಯಾಣಕ್ಕೆ ಹೋಗಿ, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹವನ್ನು ನಡೆಸಿದರು. ಅಂದಿನ ಅವಶ್ಯಕತೆಗಿಂತ ಹೆಚ್ಚು ಅಕ್ಕಿಯನ್ನು ಗಂಡನು ತಂದ ದಿನ, ಅದನ್ನು ತಿರುಗಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಕಥೆಯನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಲಿಂಗರಾಜರು ರಾಶಿಯನ್ನೇ ಕೊಟ್ಟರು. ಲಕ್ಕಮ್ಮನವರು ಹಿಡಿಯಕ್ಕಿಯಿಂದ ದಾಸೋಹವನ್ನು ನಡೆಸಿದರು. ತನ್ನ ಕೈಯಲ್ಲಿ ಹೆಚ್ಚಾಗಿರುವದು ತನ್ನದಲ್ಲ ಎಂಬ ಅರಿವು ಮಾತ್ರ ಇಬ್ಬರಲ್ಲಿಯೂ ಒಂದೇ.

ಆದಕಾರಣ ಈ ಉತ್ಸವದ ಸ್ಮರಣೆಗಾಗಿ ಸದ್ಭಕ್ತರು ಒಂದು ಸಂಕಲ್ಪವನ್ನು ಮಾಡಬಹುದು. ಸುಗ್ಗಿಯಲ್ಲಿ ದಾಸೋಹಕ್ಕೆಂದು ತೆಗೆದಿಡುವ ಚೀಲದ ಪಕ್ಕದಲ್ಲಿ ಇನ್ನೊಂದು ಚೀಲವನ್ನು ಇಡಲಿ. ಅದರ ಹಣವು ತಮ್ಮ ಊರಿನ ಯಾವದಾದರೊಂದು ಬಡ ಮನೆಯ ಹುಡುಗನೋ ಹುಡುಗಿಯೋ ಒಕ್ಕಲುತನದ ವಿದ್ಯೆಯನ್ನು ಕಲಿತು ತಿರುಗಿ ಊರಿಗೇ ಬರುವದಕ್ಕೆ ಸಲ್ಲಲಿ. ಹತ್ತು ಮನೆಗಳು ಕೂಡಿದರೆ ಒಂದು ಮಗುವಿನ ವರ್ಷದ ವಿದ್ಯೆ ನಡೆದೀತು. ಶಿರಸಂಗಿಯ ಲಿಂಗರಾಜರ ಹೆಸರಿಗೆ ಜಯಕಾರ ಹಾಕುವದು ಸುಲಭ; ಅವರ ದಾರಿಯಲ್ಲಿ ಒಂದು ಹೆಜ್ಜೆಯನ್ನಿಡುವದೇ ಅವರಿಗೆ ಸಲ್ಲಿಸತಕ್ಕ ನಿಜವಾದ ಗೌರವ. ಅವರು ಕಾಣದ ಮಕ್ಕಳಿಗಾಗಿ ಕೊಟ್ಟರು. ಕಣ್ಣೆದುರಿನಲ್ಲಿರುವ ಮಕ್ಕಳಿಗಾಗಿ ನಾವು ಇಷ್ಟನ್ನಾದರೂ ಕೊಡದಿದ್ದರೆ ಅವರ ಚರಿತ್ರೆಯನ್ನು ಓದಿದ ಫಲವೇನು?

ಸರ್ವರಿಗೂ ಸನ್ಮಂಗಳವಾಗಲಿ.